ಬೆಟ್ಟದ ನೆಲದಲ್ಲಿ ಬೆಳೆದ ಡಾಕ್ಟರೇಟುಗಳು

ಪಿಎಚ್‌.ಡಿ. ಹಾದಿಯಲ್ಲಿರುವವರಿಗೆ ಬಿಳಿಗಿರಿರಂಗನ ಬೆಟ್ಟದ ಸಂಶೋಧನೆಗಳು ಹೇಳುವ ಮಾತು

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ 1997ರಲ್ಲಿ 134 ಪ್ಲಾಟ್‌ಗಳನ್ನು ಗುರುತಿಸಿ, ಅಲ್ಲಿದ್ದ ಗಿಡಮರಗಳನ್ನು ಎಣಿಸಿ, ಅಳೆದು ಬರೆದಿಟ್ಟಿದ್ದರು. ಹನ್ನೊಂದು ವರ್ಷ ಕಳೆದ ಮೇಲೆ, 2008ರಲ್ಲಿ, ಆ ಪ್ಲಾಟ್‌ಗಳಲ್ಲೇ ಮತ್ತೆ ಎಣಿಕೆ ನಡೆಯಿತು. ಮೊದಲ ಸಲ ಶೇ 41ರಷ್ಟು ಪ್ಲಾಟ್‌ಗಳಲ್ಲಿ ಕಂಡಿದ್ದ ಲಂಟಾನ ಎಂಬ ಕಳೆಗಿಡ ಎರಡನೆಯ ಸಲಕ್ಕೆ ಶೇ 81ರಷ್ಟರಲ್ಲಿ ಹಬ್ಬಿತ್ತು. ಈ ಲೆಕ್ಕ ಭರತ್ ಸುಂದರಂ ಅವರ ಡಾಕ್ಟರೇಟ್ ಅಧ್ಯಯನದ ಭಾಗವಾಗಿ ಬಂತು. ಅವರು ಅಂಕಿಲಾ ಹಿರೇಮಠ ಅವರ ಜೊತೆ ಬರೆದ ಪ್ರಬಂಧ 2012ರಲ್ಲಿ ಪ್ರಕಟವಾಯಿತು. ನಮ್ಮ ಕಾಡುಗಳನ್ನು ಲಂಟಾನ ಎಷ್ಟು ಬೇಗ ನುಂಗುತ್ತಿದೆ ಎಂಬ ಚರ್ಚೆ ಬಂದಾಗೆಲ್ಲ ಇಂದಿಗೂ ಈ ಅಂಕಿಗಳು ನೆನಪಾಗುತ್ತವೆ.

ಪಿಎಚ್‌.ಡಿ. ಮಾಡುತ್ತಿರುವ ಯಾರಾದರೂ ಈ ಸಂಗತಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. 1997ರಲ್ಲಿ ಎಣಿಸಿದವರು ತಮ್ಮ ಟಿಪ್ಪಣಿಗಳನ್ನು ಅಚ್ಚುಕಟ್ಟಾಗಿ ಉಳಿಸಿ, ಮುಂದಿನವರ ಕೈಗೆ ಕೊಡದಿದ್ದರೆ 2008ರ ಎಣಿಕೆಗೆ ಹೋಲಿಸಲು ಏನೂ ಇರುತ್ತಿರಲಿಲ್ಲ. ಲಂಟಾನ ಯಾಕೆ ಹಬ್ಬಿತು ಎಂಬುದಕ್ಕೆ ಕಾಡಿನಲ್ಲೇ ಹುಟ್ಟಿ ಬೆಳೆದ ಸೋಲಿಗರು ತಮ್ಮ ವಿವರಣೆ ಕೊಡದಿದ್ದರೆ ಆ ಅಂಕಿ ಬರೀ ಅಂಕಿಯಾಗಿ ಉಳಿಯುತ್ತಿತ್ತು. ಪದವಿ ಒಬ್ಬರ ಹೆಸರಿಗೆ ಬರುತ್ತದೆ. ಕೆಲಸ ಹಲವರ ಕೈಯಲ್ಲಿ ನಡೆಯುತ್ತದೆ. ಇದನ್ನು ಮೊದಲ ವರ್ಷವೇ ಅರಿತು ತನ್ನ ಸುತ್ತ ಆಸರೆ ಕಟ್ಟಿಕೊಳ್ಳುವ ವಿದ್ಯಾರ್ಥಿ ದಡ ಸೇರುತ್ತಾನೆ. ಎಲ್ಲವನ್ನೂ ಒಬ್ಬಳೇ ಹೊರಬೇಕು ಎಂದುಕೊಂಡವಳು ಎಷ್ಟೇ ಜಾಣೆಯಾಗಿದ್ದರೂ ನಡುವೆ ಬಳಲುತ್ತಾಳೆ.

ಈ ಬೆಟ್ಟವನ್ನೇ ಉದಾಹರಣೆಯಾಗಿ ಆರಿಸಿಕೊಳ್ಳಲು ಕಾರಣವಿದೆ. ಯಳಂದೂರಿನಿಂದ ಮೇಲೆ ಹತ್ತಿದರೆ ಕೆಲವೇ ಕಿಲೋಮೀಟರುಗಳಲ್ಲಿ ಕುರುಚಲು ಕಾಡು, ಎಲೆ ಉದುರುವ ಕಾಡು, ನಿತ್ಯಹಸಿರು ಕಾಡು, ಶೋಲೆ, ಹುಲ್ಲುಗಾವಲು ಎಲ್ಲವೂ ಸಿಗುತ್ತವೆ. ಪಶ್ಚಿಮಘಟ್ಟಕ್ಕೂ ಪೂರ್ವಘಟ್ಟಕ್ಕೂ ನಡುವಿನ ಕೊಂಡಿ ಇದು. ಸಲೀಂ ಅಲಿ 1939–40ರ ಮೈಸೂರು ಹಕ್ಕಿ ಸಮೀಕ್ಷೆಯಲ್ಲಿ ಇಲ್ಲಿಗೂ ಬಂದಿದ್ದರು. 1990ರ ದಶಕದಿಂದೀಚೆಗೆ ಇಲ್ಲಿ ಸಸ್ಯವಿಜ್ಞಾನ, ಪಕ್ಷಿವಿಜ್ಞಾನ, ಭಾಷಾವಿಜ್ಞಾನ, ಸಾರ್ವಜನಿಕ ಆರೋಗ್ಯ, ಸಮಾಜ ವಿಜ್ಞಾನ ಹೀಗೆ ಹತ್ತಾರು ಬಗೆಯ ಸಂಶೋಧನೆ ನಡೆದಿದೆ. ಡಾಕ್ಟರೇಟ್ ಎಂದರೇನು, ಅದು ಎಲ್ಲಿ ಗಟ್ಟಿಯಾಗುತ್ತದೆ, ಎಲ್ಲಿ ಸೋಲುತ್ತದೆ ಎಂದು ನೋಡಲು ಕನ್ನಡ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಯಾಕೆ ಈಗ ಈ ಮಾತು

ದೇಶದಲ್ಲಿ ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡವರ ಸಂಖ್ಯೆ 2014–15ರಲ್ಲಿ 1.17 ಲಕ್ಷ ಇತ್ತು. 2021–22ಕ್ಕೆ ಅದು 2.12 ಲಕ್ಷ ದಾಟಿತು. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಈ ಲೆಕ್ಕ ಸಂತೋಷದ್ದೇ. ಹಳ್ಳಿಗಳಿಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಕುಟುಂಬಗಳಿಂದ ಬಹಳ ಮಂದಿ ಸಂಶೋಧನೆಗೆ ಬರುತ್ತಿದ್ದಾರೆ. ಆದರೆ ಕಾಯಂ ಅಧ್ಯಾಪಕ ಹುದ್ದೆಗಳು ಅದೇ ವೇಗದಲ್ಲಿ ತುಂಬುತ್ತಿಲ್ಲ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ.

ಇನ್ನೊಂದು ಕಡೆ ಮನಸ್ಸಿನ ಭಾರ. 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 26 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ಸಂಶೋಧನಾರ್ಥಿಗಳು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮಾತನಾಡಿಸಿತು. ಖಿನ್ನತೆ ಮತ್ತು ಆತಂಕ ಸಾಮಾನ್ಯ ಜನರಿಗಿಂತ ಇವರಲ್ಲಿ ಆರು ಪಟ್ಟು ಹೆಚ್ಚು ಎಂದು ಅದು ಹೇಳಿತು. ಮಾರ್ಗದರ್ಶಕರ ಜೊತೆ ಒಳ್ಳೆಯ ಸಂಬಂಧ ಇಲ್ಲದವರಲ್ಲಿ ಈ ತೊಂದರೆ ಹೆಚ್ಚಾಗಿ ಕಂಡಿತು. ಅಂದರೆ ಬುದ್ಧಿಗೆ ತರಬೇತಿ ಕೊಟ್ಟಷ್ಟೇ ಗಮನವನ್ನು ಆಸರೆಗೂ ಕೊಡಬೇಕಾಗಿದೆ.

ಪ್ರಶ್ನೆ ಎಲ್ಲಿಂದ ಬರಬೇಕು?

ನೋಂದಣಿಯ ಹೊತ್ತಿಗೆ ಎಲ್ಲರೂ ಕೇಳುವುದು "ನಿಮ್ಮ ಟಾಪಿಕ್ ಏನು?" ಎಂದು. ಬಹಳ ಸಲ ಆ ಟಾಪಿಕ್ ಹಿಂದಿನ ಥೀಸಿಸ್ಸಿನ ಶೀರ್ಷಿಕೆಯಲ್ಲಿ ಜಿಲ್ಲೆಯ ಹೆಸರು ಬದಲಾಯಿಸಿದ್ದಾಗಿರುತ್ತದೆ. ಹಾಗೆ ಶುರುವಾದ ಕೆಲಸ ಎರಡನೇ ವರ್ಷಕ್ಕೇ ಬೇಸರ ತರಿಸುತ್ತದೆ, ಏಕೆಂದರೆ ಅದರ ಉತ್ತರಕ್ಕಾಗಿ ಯಾರೂ ಕಾಯುತ್ತಿರುವುದಿಲ್ಲ.

ಬಿಳಿಗಿರಿಯ ನೆಲ್ಲಿಕಾಯಿಯ ಕಥೆ ಬೇರೆ. ಸೋಲಿಗರು ತಲೆಮಾರುಗಳಿಂದ ಜೇನು, ನೆಲ್ಲಿ, ಕಲ್ಲುಹೂವು ಮುಂತಾದ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ಬದುಕಿದವರು. ಇದರಿಂದ ಕಾಡಿಗೆ ಹಾನಿಯಾಗುತ್ತಿದೆಯೇ, ಅವರ ಮನೆಯ ಆದಾಯದಲ್ಲಿ ಇದರ ಪಾಲೆಷ್ಟು ಎಂದು ಪರಿಸರ ವಿಜ್ಞಾನಿ ಕಮಲ್ ಬಾವಾ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್, ಕನ್ನಡಿಗರಿಗೆ ಕಾದಂಬರಿಕಾರರಾಗಿಯೂ ಗೊತ್ತಿರುವ ಕೆ.ಎನ್. ಗಣೇಶಯ್ಯ ಮತ್ತು ಸಂಗಡಿಗರು ಕೇಳಿದರು. ಆ ಅಧ್ಯಯನಗಳ ಮೊದಲ ಪ್ರಬಂಧಗಳು 1996ರಲ್ಲಿ ಎಕನಾಮಿಕ್ ಬಾಟನಿ ಪತ್ರಿಕೆಯಲ್ಲಿ ಬಂದವು. ಅದೇ ವರ್ಷ ಬಾವಾ ಅವರು ಅಶೋಕ ಪರಿಸರ ಸಂಶೋಧನಾ ಸಂಸ್ಥೆ 'ಏಟ್ರೀ'ಯನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ಬೆಟ್ಟದ ಮೇಲೆ ಅದರ ಕ್ಷೇತ್ರ ಕೇಂದ್ರ ಬಂತು. ಮುಂದೆ ಸಿದ್ದಪ್ಪ ಸೆಟ್ಟಿ ಮತ್ತು ಜೊತೆಗಾರರು ನೆಲ್ಲಿಯ ಫಸಲನ್ನು ಸೋಲಿಗರ ಜೊತೆಗೂಡಿ ಅಂದಾಜು ಮಾಡುವ ವಿಧಾನ ರೂಪಿಸಿದರು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಈ ನಡುವೆ ಕಾಡಿನವರು ಬೇರೆಯೇ ಮಾತು ಹೇಳುತ್ತಿದ್ದರು. ನೆಲ್ಲಿ ಮರ ಸೊರಗುತ್ತಿರುವುದು ಕಾಯಿ ಕೀಳುವುದರಿಂದ ಅಲ್ಲ, 'ಉಪ್ಪಿಲು' ಹಿಡಿದು ಎಂಬುದು ಅವರ ಮಾತು. ಉಪ್ಪಿಲು ಎಂದರೆ ಮರದ ಮೇಲೆ ಬೆಳೆದು ಅದರ ಸಾರ ಹೀರುವ ಬಂದಳಿಕೆ. ಹಿಂದೆ ವರ್ಷದ ಆರಂಭದಲ್ಲಿ ಒಣಗಿದ ಎಲೆಗೆ ಹಚ್ಚುತ್ತಿದ್ದ ಸಣ್ಣ ತರಗು ಬೆಂಕಿ ಉಪ್ಪಿಲನ್ನೂ ಲಂಟಾನವನ್ನೂ ಹತೋಟಿಯಲ್ಲಿ ಇಟ್ಟಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು, ಲಂಟಾನ ಏರಿತು ಎಂದು ಅವರು ವಿವರಿಸಿದರು. ಈ ಮಾತನ್ನು ಸಂಶೋಧಕರು ಕಣ್ಣುಮುಚ್ಚಿ ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ಪರೀಕ್ಷಿಸಬಹುದಾದ ಪ್ರಶ್ನೆಯಾಗಿ ತೆಗೆದುಕೊಂಡರು. ಬೆಂಕಿ ಮತ್ತು ಲಂಟಾನದ ನಂಟಿನ ಬಗ್ಗೆ 2005ರಲ್ಲಿ ಹಿರೇಮಠ ಮತ್ತು ಸುಂದರಂ ಬರೆದರು. 2012ರಲ್ಲಿ ಹವಾಯಿ ವಿಶ್ವವಿದ್ಯಾಲಯದ ತಮಾರಾ ಟಿಕ್ಟಿನ್, ಆರ್. ಗಣೇಶನ್, ಎಂ. ಪರಮೇಶ, ಸಿದ್ದಪ್ಪ ಸೆಟ್ಟಿ ಅವರ ಅಧ್ಯಯನ ಕೊಯ್ಲು, ಬೆಂಕಿ, ಬಂದಳಿಕೆ, ಲಂಟಾನ ಇವುಗಳ ಪ್ರಭಾವವನ್ನು ಬಿಡಿಬಿಡಿಯಾಗಿ ನೋಡಿತು. ನೆಲ್ಲಿಯ ಇಳಿಕೆಗೆ ಕೊಯ್ಲು ಒಂದನ್ನೇ ದೂರುವುದು ಸರಿಯಲ್ಲ ಎಂಬುದು ಸ್ಪಷ್ಟವಾಯಿತು. ಅಷ್ಟರಲ್ಲಿ, 2006ರಿಂದ, ಮಾರಾಟಕ್ಕಾಗಿ ಕಾಡಿನ ಉತ್ಪನ್ನ ಸಂಗ್ರಹಿಸುವುದನ್ನು ಇಲ್ಲಿ ನಿಷೇಧಿಸಲಾಗಿತ್ತು. ಹೀಗಾಗಿ ಆ ಉತ್ತರಕ್ಕಾಗಿ ನಿಜವಾಗಿಯೂ ಜನ ಕಾಯುತ್ತಿದ್ದರು.

ಸಂಶೋಧನಾರ್ಥಿಗೆ ಇಲ್ಲಿ ಮೂರು ಪಾಠಗಳಿವೆ. ಮೊದಲನೆಯದು, ವಿಷಯ ನಿಗದಿ ಮಾಡುವ ಮುನ್ನ ಆ ವಿಷಯದೊಳಗೆ ಬದುಕುತ್ತಿರುವವರ ಜೊತೆ ಮಾತನಾಡಿ. ನಿಮ್ಮದು ಕಾಡಾದರೆ ಕಾಡಿನವರು, ಕೃಷಿಯಾದರೆ ರೈತರು, ಸಾಹಿತ್ಯವಾದರೆ ಓದುಗರು ಮತ್ತು ಹಾಡುವವರು. ಎರಡನೆಯದು, ಉತ್ತರ ಹೌದಾದರೂ ಅಲ್ಲವಾದರೂ ಥೀಸಿಸ್ ಆಗುವಂಥ ಪ್ರಶ್ನೆ ಆರಿಸಿ. 'ಕೊಯ್ಲಿನಿಂದ ಹಾನಿಯಾಗಿದೆ' ಎಂದು ಸಾಧಿಸಲೇಬೇಕು ಎಂದು ಹೊರಟವರು ಅಂಕಿ ಬೇರೆ ಹೇಳಿದರೆ ಕಂಗಾಲಾಗುತ್ತಾರೆ. 'ಯಾವುದರಿಂದ ಎಷ್ಟು' ಎಂದು ಕೇಳಿದವರಿಗೆ ಯಾವ ಉತ್ತರವೂ ಫಲಿತಾಂಶವೇ. ಮೂರನೆಯದು, ಹಿಂದಿನವರು ಏನು ಮಾಡಿದ್ದಾರೆ ಎಂದು ಮೊದಲೇ ತಿಳಿಯಿರಿ. ದೇಶದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ವಿಭಾಗದಲ್ಲಿ ಈಚೆಗೆ ಸಲ್ಲಿಕೆಯಾದ ನಾಲ್ಕೈದು ಥೀಸಿಸ್‌ಗಳನ್ನು ಪೂರ್ತಿ ಓದಿದರೆ ಸಾರಲೇಖ ಬರೆಯುವ ಭಯ ಅರ್ಧ ಕಡಿಮೆಯಾಗುತ್ತದೆ.

ಒಬ್ಬರೇ ಗೈಡ್ ಸಾಲದು

ನಮ್ಮಲ್ಲಿ ಪಿಎಚ್‌.ಡಿ. ಎಂದರೆ ಗೈಡ್ ಮತ್ತು ವಿದ್ಯಾರ್ಥಿಯ ನಡುವಿನ ವ್ಯವಹಾರ ಎಂಬ ಭಾವನೆ ಬಲವಾಗಿದೆ. ಗೈಡ್ ಒಳ್ಳೆಯವರಾದರೆ ಪುಣ್ಯ, ಇಲ್ಲದಿದ್ದರೆ ಹಣೆಬರಹ ಎಂದು ಮಾತನಾಡುವುದನ್ನು ಹಾಸ್ಟೆಲುಗಳಲ್ಲಿ ಈಗಲೂ ಕೇಳಬಹುದು. ನಿಯಮ ಹಾಗೆ ಹೇಳುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನವೆಂಬರಿನಲ್ಲಿ ಹೊರಡಿಸಿದ ಪಿಎಚ್‌.ಡಿ. ನಿಯಮಾವಳಿಯಂತೆ ಪ್ರತಿ ವಿದ್ಯಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು. ಸೆಮಿಸ್ಟರಿಗೊಮ್ಮೆ ಅದರ ಮುಂದೆ ನಿಮ್ಮ ಪ್ರಗತಿ ಹೇಳಿಕೊಳ್ಳಬೇಕು. ಇದನ್ನು ಸಹಿ ಹಾಕಿಸಿಕೊಳ್ಳುವ ವಿಧಿ ಎಂದು ಕಳೆಯಬೇಡಿ. ಅಡೆತಡೆಗಳೇನು, ಏನು ಸಹಾಯ ಬೇಕು ಎಂದು ಒಂದು ಪುಟ ಬರೆದುಕೊಂಡು ಹೋಗಿ, ಸಮಿತಿಯ ಸಲಹೆಯನ್ನು ಲಿಖಿತವಾಗಿ ಪಡೆಯಿರಿ. ಮುಂದೆ ಗೈಡ್ ನಿವೃತ್ತರಾದರೆ, ವರ್ಗವಾದರೆ, ಸಂಬಂಧ ಕೆಟ್ಟರೆ ಈ ಕಾಗದಗಳೇ ನಿಮ್ಮ ಪರ ನಿಲ್ಲುತ್ತವೆ.

ನಿಯಮಾವಳಿಯಲ್ಲಿ ವಿದ್ಯಾರ್ಥಿಗೆ ನೆರವಾಗುವ ಇನ್ನೂ ಕೆಲವು ಅಂಶಗಳಿವೆ. ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೂ ಎರಡು ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆರಡು ವರ್ಷಗಳ ಸಡಿಲಿಕೆ ಇದೆ. ಮಹಿಳೆಯರು ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಬಹುದು. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾದ ವಿದ್ಯಾರ್ಥಿನಿ ತನ್ನ ಸಂಶೋಧನೆಯನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಮದುವೆ, ಮಗು ಎಂದು ಅರ್ಧಕ್ಕೆ ನಿಂತ ಥೀಸಿಸ್‌ಗಳು ನಮ್ಮ ಊರುಗಳಲ್ಲಿ ಎಷ್ಟೋ ಇವೆ. ಈ ನಿಯಮಗಳನ್ನು ಯಾರಾದರೂ ಹೊತ್ತಿಗೆ ಸರಿಯಾಗಿ ಹೇಳಿದ್ದರೆ ಅವುಗಳಲ್ಲಿ ಕೆಲವಾದರೂ ಮುಗಿಯುತ್ತಿದ್ದವು.

ಕಾಗದದ ಮೇಲಿನ ಗೈಡಿನ ಆಚೆಗೂ ಗುರುಗಳು ಬೇಕು. ಬಿಳಿಗಿರಿಯಲ್ಲಿ ಕೆಲಸ ಮಾಡಿದ ಸಂಶೋಧಕರಿಗೆ ಸೋಲಿಗ ಸಹಾಯಕರು ಅಂಥ ಗುರುಗಳು. ಆನೆಯ ವಾಸನೆ ಯಾವ ಕಡೆಯಿಂದ ಬಂತು, ಈ ಚಿಗುರು ಯಾವ ಮರದ್ದು, ಈ ಕೂಗು ನಿಜವಾಗಿ ಯಾವ ಹಕ್ಕಿಯದು ಎಂದು ಅವರು ಹೇಳುತ್ತಾರೆ. ಸಮೀರಾ ಅಗ್ನಿಹೋತ್ರಿ ಇಲ್ಲಿ ಭೀಮರಾಜ ಹಕ್ಕಿಯ ಮೇಲೆ ಸಂಶೋಧನೆ ನಡೆಸಿದರು. ಬೇರೆ ಹಕ್ಕಿ, ಪ್ರಾಣಿಗಳ ದನಿಯನ್ನು ಅನುಕರಿಸುವ ಹಕ್ಕಿ ಅದು. ಅನುಕರಣೆ ಯಾವುದು, ಅಸಲಿ ಯಾವುದು ಎಂದು ಬಿಡಿಸಲು ಕಾಡಿನ ಎಲ್ಲ ದನಿಗಳೂ ಗೊತ್ತಿರಬೇಕು. ಅದೇ ಕಾಲದಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಔಂಗ್ ಸಿ ಸೋಲಿಗರ ನುಡಿ ಮತ್ತು ಅದರಲ್ಲಿರುವ ಪ್ರಕೃತಿ ಜ್ಞಾನವನ್ನು ಅಧ್ಯಯನ ಮಾಡುತ್ತಿದ್ದರು. ಒಬ್ಬರು ಪಕ್ಷಿತಜ್ಞೆ, ಇನ್ನೊಬ್ಬರು ಭಾಷಾತಜ್ಞ. ಇಬ್ಬರೂ ಸೇರಿ ಸೋಲಿಗರ ಪಕ್ಷಿಜ್ಞಾನದ ಮೇಲೆ ಬರೆದ ಪ್ರಬಂಧ 2012ರಲ್ಲಿ ಬಂತು. ಒಬ್ಬರೇ ಆಗಿದ್ದರೆ ಯಾರೂ ಬರೆಯಲಾಗದ ಪ್ರಬಂಧ ಅದು.

ನಿಮಗೂ ಇಂಥ ಒಬ್ಬ ಸಂಗಾತಿ ಬೇಕು. ಬೇರೆ ವಿಭಾಗದವರಾದರೆ ಇನ್ನೂ ಒಳ್ಳೆಯದು, ಅಲ್ಲಿ ಪೈಪೋಟಿ ಕಡಿಮೆ, ಕುತೂಹಲ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಕುಳಿತು ಬರೆದದ್ದನ್ನು ಪರಸ್ಪರ ಓದಿ. ನಿಮಗಿಂತ ಎರಡು ವರ್ಷ ಮುಂದಿರುವ ಒಬ್ಬ ಹಿರಿಯ ವಿದ್ಯಾರ್ಥಿ, ಅಂಕಿಅಂಶ ಗೊತ್ತಿರುವ ಒಬ್ಬರು, ಕಚೇರಿಯ ಕಡತ ಹೇಗೆ ನಡೆಯುತ್ತದೆ ಎಂದು ಬಲ್ಲ ಒಬ್ಬ ಗುಮಾಸ್ತರು, ಥೀಸಿಸ್ ಬಗ್ಗೆ ಒಂದು ಮಾತೂ ಕೇಳದ ಒಬ್ಬ ಗೆಳತಿ ಅಥವಾ ಗೆಳೆಯ ಇಷ್ಟು ಮಂದಿ ಜೊತೆಗಿದ್ದರೆ ಗೈಡಿನ ಮೇಲಿನ ಒತ್ತಡವೂ ಇಳಿಯುತ್ತದೆ, ನಿಮ್ಮ ಮೇಲಿನದ್ದೂ ಇಳಿಯುತ್ತದೆ.

ಕಾಲ, ಕಾಗದ, ಕಾಸು

ಕ್ಷೇತ್ರದಲ್ಲಿ ಕೆಲಸ ಮಾಡುವವರ ಪಂಚಾಂಗವೇ ಬೇರೆ. ನೆಲ್ಲಿ ಚಳಿಗಾಲದಲ್ಲಿ ಕೊಯ್ಲಿಗೆ ಬರುತ್ತದೆ, ಜೇನು ಬೇಸಿಗೆಯಿಂದ ಮಳೆ ಹಿಡಿಯುವವರೆಗೆ. ಒಂದು ಋತು ತಪ್ಪಿದರೆ ಒಂದು ವರ್ಷ ಹೋಯಿತು. ಮೂರು ವರ್ಷದ ಯೋಜನೆಯಲ್ಲಿ ನಿಮಗೆ ಸಿಗುವುದು ಹೆಚ್ಚೆಂದರೆ ಎರಡು ಋತು. ಆದ್ದರಿಂದ ಕೋರ್ಸ್‌ವರ್ಕ್ ನಡೆಯುತ್ತಿರುವಾಗಲೇ ಅನುಮತಿಗೆ ಅರ್ಜಿ ಹಾಕಿ. 2011ರಿಂದ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶ. ಅಭಯಾರಣ್ಯದೊಳಗೆ ವೈಜ್ಞಾನಿಕ ಅಧ್ಯಯನ ನಡೆಸಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಅನುಮತಿ ಬೇಕು. ಮನುಷ್ಯರ ಮೇಲೆ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಇವೆಲ್ಲಕ್ಕೂ ಮೊದಲು ಪೋಡಿನ, ಅಂದರೆ ಸೋಲಿಗರ ಊರಿನ, ಹಿರಿಯರ ಮುಂದೆ ಕುಳಿತು, ಏನು ಮಾಡಲು ಬಂದಿದ್ದೇನೆ, ಎಷ್ಟು ದಿನ ಇರುತ್ತೇನೆ, ಕೊನೆಗೆ ಏನು ಕೊಟ್ಟು ಹೋಗುತ್ತೇನೆ ಎಂದು ಕನ್ನಡದಲ್ಲಿ ಹೇಳಿ ಒಪ್ಪಿಗೆ ಕೇಳಬೇಕು.

ಅನುಮತಿ ಬರುವುದು ತಡವಾದರೆ ಮಾಡಲು ಎರಡನೆಯ ಕೆಲಸವೊಂದು ಸಿದ್ಧವಿರಲಿ. ಹಳೆಯ ದತ್ತಾಂಶ, ಪತ್ರಾಗಾರ, ಗ್ರಂಥಾಲಯ, ಸಂರಕ್ಷಿತ ಪ್ರದೇಶದ ಹೊರಗಿನ ಹಳ್ಳಿಗಳು ಇದಕ್ಕೆ ಒದಗುತ್ತವೆ. ಒಂದೇ ಬಾಗಿಲಿಗೆ ಇಡೀ ಥೀಸಿಸ್ ನೇತುಹಾಕುವುದು ಅಪಾಯ.

ಹಣದ ಮಾತು ಸಂಕೋಚವಿಲ್ಲದೆ ಆಡಬೇಕು. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ಫೆಲೋಶಿಪ್ 42,000. ಪರಿಶಿಷ್ಟ ಪಂಗಡದ ಸಂಶೋಧನಾರ್ಥಿಗಳಿಗಾಗಿ ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 750 ರಾಷ್ಟ್ರೀಯ ಫೆಲೋಶಿಪ್ ಕೊಡುತ್ತದೆ. ಸೋಲಿಗ, ಜೇನುಕುರುಬ, ಬೆಟ್ಟಕುರುಬ ಮಕ್ಕಳು ಎಂ.ಎ., ಎಂ.ಎಸ್ಸಿ. ಓದುತ್ತಿರುವಾಗಲೇ ಇದರ ಮಾಹಿತಿ ಅವರ ಕೈಗೆ ಸಿಗಬೇಕು. ಫೆಲೋಶಿಪ್ ಬರುವುದು ತಡವಾಗುವುದುಂಟು. ಕೆಲವು ತಿಂಗಳ ಖರ್ಚಿಗೆ ಮೊದಲೇ ದಾರಿ ಮಾಡಿಕೊಳ್ಳಿ, ಮನೆಯವರಿಗೂ ಅದನ್ನು ತಿಳಿಸಿ. ಉದ್ಯೋಗದಲ್ಲಿದ್ದು ಅರೆಕಾಲಿಕ ಪಿಎಚ್‌.ಡಿ. ಮಾಡಲೂ ಅವಕಾಶವಿದೆ. ಅದಕ್ಕೆ ಕೆಲಸ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು.

ಪಡೆದದ್ದನ್ನು ಹಿಂದಿರುಗಿಸುವುದು

ಹೊರಗಿನವರು ಬರುತ್ತಾರೆ, ಪ್ರಶ್ನೆ ಕೇಳುತ್ತಾರೆ, ಫೋಟೊ ತೆಗೆಯುತ್ತಾರೆ, ಹೋಗುತ್ತಾರೆ, ಮತ್ತೆ ಮುಖ ತೋರಿಸುವುದಿಲ್ಲ. ಬುಡಕಟ್ಟು ಹಾಡಿ, ಪೋಡುಗಳಲ್ಲಿ ಸಂಶೋಧಕರ ಬಗ್ಗೆ ಇರುವ ನೋವು ಇದು. ಅವರು ಕೊಟ್ಟ ತಿಳಿವಳಿಕೆ ಯಾವುದೋ ಇಂಗ್ಲಿಷ್ ಪತ್ರಿಕೆಯ ಒಳಗೆ ಸೇರುತ್ತದೆ, ಅವರಿಗೆ ಅದು ಕಾಣಸಿಗುವುದೇ ಇಲ್ಲ.

ಬೇರೆ ರೀತಿಯಲ್ಲಿ ನಡೆದುಕೊಂಡರೆ ಏನಾಗುತ್ತದೆ ಎಂಬುದಕ್ಕೂ ಬಿಳಿಗಿರಿಯೇ ಸಾಕ್ಷಿ. ಏಟ್ರೀ ಸಂಶೋಧಕರು ಮತ್ತು ಸೋಲಿಗರು ಸೇರಿ ಕಾಡಿನೊಳಗಿನ ದೇವರು, ಮಾರಮ್ಮ, ಕಲ್ಲುಗುಡಿ, ವೀರು, ಅಬ್ಬಿ ಇರುವ ಪವಿತ್ರ ತಾಣಗಳನ್ನು ಒಂದೊಂದಾಗಿ ನಡೆದು ಗುರುತಿಸಿ ನಕ್ಷೆ ತಯಾರಿಸಿದರು. ಈ ಕಾಡು ಯಾರ ನೆನಪಿನಲ್ಲಿ, ಯಾರ ನಡಿಗೆಯಲ್ಲಿ ಬದುಕಿದೆ ಎಂದು ಆ ನಕ್ಷೆ ತೋರಿಸಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರು ನಡೆಸಿದ ಪ್ರಯತ್ನದ ಫಲವಾಗಿ 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇಂಥ ಹಕ್ಕು ಸಿಕ್ಕ ಮೊದಲ ಪ್ರಸಂಗಗಳಲ್ಲಿ ಇದೊಂದು. ಈ ಪ್ರಯತ್ನದ ಮುಂಚೂಣಿಯಲ್ಲಿದ್ದ ಸಿ. ಮಾದೇಗೌಡ ಸ್ವತಃ ಸೋಲಿಗರು. ಸಮುದಾಯದ ಸಂಘಟನೆ ನಡೆಸುತ್ತಲೇ ಏಟ್ರೀಯಲ್ಲಿ ಸಂಶೋಧಕರಾಗಿ ಕೆಲಸ ಮಾಡಿದರು, 2009ರಲ್ಲಿ ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪಾರಂಪರಿಕ ಜ್ಞಾನ ಮತ್ತು ಸಂರಕ್ಷಣೆಯ ಬಗ್ಗೆ ಬರೆದರು, ಡಾಕ್ಟರೇಟ್ ಪಡೆದರು. ಒಂದು ಕಾಲಕ್ಕೆ ಮಾಹಿತಿ ಕೊಡುವವರಾಗಿ ಮಾತ್ರ ನೋಡಲಾದ ಸಮುದಾಯದವರೊಬ್ಬರು ಹೀಗೆ ಸಂಶೋಧಕರ ಸಾಲಿನಲ್ಲಿ ನಿಂತರು. ಈ ಬೆಟ್ಟದಲ್ಲಿ ನಡೆದ ಸಂಶೋಧನೆಯ ಅತಿ ದೊಡ್ಡ ಸಾಧನೆ ಇದೇ ಎಂದು ನಾನು ನಂಬುತ್ತೇನೆ.

ಗೌರವ ಸಲ್ಲಿಸಲು ಹಲವು ದಾರಿಗಳಿವೆ. ಏಟ್ರೀಯ ಕೀಟತಜ್ಞರು ಈ ಬೆಟ್ಟದಿಂದ ಸಿಕ್ಕ ಹೊಸ ಕಣಜವೊಂದರ ಕುಲಕ್ಕೆ 'ಸೋಲಿಗ' ಎಂದೇ ಹೆಸರಿಟ್ಟರು. ನೀವು ಮಾಡಬಹುದಾದದ್ದು ಇನ್ನೂ ಸರಳ. ಕ್ಷೇತ್ರ ಸಹಾಯಕರಿಗೆ ನ್ಯಾಯವಾದ ಕೂಲಿಯನ್ನು ಹೊತ್ತಿಗೆ ಕೊಡಿ. ಅವರ ತಿಳಿವಳಿಕೆಯಿಂದಲೇ ಒಂದು ಫಲಿತಾಂಶ ಬಂದಿದ್ದರೆ, ಅವರು ಒಪ್ಪಿದರೆ, ಸಹಲೇಖಕರಾಗಿ ಸೇರಿಸಿ. ಥೀಸಿಸ್ ಸಲ್ಲಿಸಿದ ಮೇಲೆ ಅದರ ಸಾರವನ್ನು ನಾಲ್ಕು ಪುಟಗಳ ಸರಳ ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ, ಶಾಲೆಗೊಂದು ಪ್ರತಿ ಕೊಡಿ. ದತ್ತಾಂಶವನ್ನು ಇನ್ನೊಬ್ಬರು ಬಳಸುವಂತೆ ಜೋಡಿಸಿಡಿ. ಕನ್ನಡದಲ್ಲಿ ಬರೆಯಲು ಹೊರಟಾಗ ಅನೇಕರಿಗೆ ತಾವೇ ಸರಿಯಾಗಿ ಅರ್ಥಮಾಡಿಕೊಳ್ಳದ ಜಾಗಗಳು ಎದ್ದು ಕಾಣುತ್ತವೆ. ವೈವಾಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ಬೇರಿಲ್ಲ.

ಡಾಕ್ಟರೇಟ್ ಆದ ಮೇಲೆ

ಕೆಲಸದ ಬಗ್ಗೆ ಯೋಚನೆ ಥೀಸಿಸ್ ಬೈಂಡ್ ಆದ ಮೇಲೆ ಶುರುವಾದರೆ ತಡವಾಯಿತು. ಮೊದಲು ನಿಯಮ ತಿಳಿಯಿರಿ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಕನಿಷ್ಠ ಅರ್ಹತೆ ಎನ್‌ಇಟಿ ಅಥವಾ ಕೆ-ಸೆಟ್‌ನಂಥ ರಾಜ್ಯಮಟ್ಟದ ಪರೀಕ್ಷೆ. ಪಿಎಚ್‌.ಡಿ. ಕಡ್ಡಾಯ ಅಲ್ಲ. ಥೀಸಿಸ್ ಸಲ್ಲಿಸುವ ಮುನ್ನ ಪ್ರಬಂಧ ಪ್ರಕಟಿಸಲೇಬೇಕು ಎಂಬ ಕಟ್ಟುಪಾಡನ್ನೂ 2022ರ ನಿಯಮಾವಳಿ ಕೈಬಿಟ್ಟಿದೆ. ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಆರಂಭದಲ್ಲಿ ನಿಲ್ಲಿಸಲಾಗಿದೆ. ಹಾಗಾಗಿ ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ಬಲೆಗೆ ಬೀಳಬೇಕಾದ ಅಗತ್ಯ ಇಲ್ಲ. ಒಂದೇ ಪ್ರಬಂಧವಾದರೂ ಸರಿ, ನಿಮ್ಮ ಕ್ಷೇತ್ರದ ಬಲ್ಲವರು ಓದುವ ಕಡೆ ಬರೆಯಿರಿ. ಕೃತಿಚೌರ್ಯದ 2018ರ ನಿಯಮ ಕಠಿಣವಾಗಿದೆ. ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ 60 ಮೀರಿದರೆ ನೋಂದಣಿಯೇ ರದ್ದಾಗಬಹುದು. ಮೊದಲ ಟಿಪ್ಪಣಿಯಿಂದಲೇ ಯಾವ ಮಾತು ಯಾರದು ಎಂದು ಬರೆದಿಟ್ಟುಕೊಳ್ಳುವುದೇ ಇದಕ್ಕೆ ಮದ್ದು.

ಅಧ್ಯಾಪನದ ಆಚೆಗಿನ ದಾರಿಗಳನ್ನೂ ಈ ಬೆಟ್ಟ ತೋರಿಸುತ್ತದೆ. ವೈದ್ಯ ಎಚ್. ಸುದರ್ಶನ್ 1981ರಲ್ಲಿ ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆಯ ಜೊತೆಗೆ ಶಾಲೆಯೂ ಬೆಳೆಯಿತು. 1994ರಲ್ಲಿ ಅವರಿಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. ಆ ಕೇಂದ್ರದಲ್ಲಿ ವೈದ್ಯರಾಗಿದ್ದ ಎನ್.ಎಸ್. ಪ್ರಶಾಂತ್ ಬೆಟ್ಟದ ಹಕ್ಕಿಗಳ ಬಗ್ಗೆಯೂ ಬರೆದರು. ಅವರ ಡಾಕ್ಟರೇಟ್ ಅಧ್ಯಯನ ನಡೆದದ್ದು ತುಮಕೂರು ಜಿಲ್ಲೆಯ ಆರೋಗ್ಯಾಧಿಕಾರಿಗಳ ಸಾಮರ್ಥ್ಯ ವೃದ್ಧಿಯ ಮೇಲೆ. ಪದವಿಯ ನಂತರ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಮೂಲಕ ಬುಡಕಟ್ಟು ಜನರ ಆರೋಗ್ಯದ ಸಂಶೋಧನೆಗೆ ಮತ್ತೆ ಇದೇ ಬೆಟ್ಟಕ್ಕೆ ಬಂದರು. ಥೀಸಿಸ್ಸಿನ ವಿಷಯ ಒಂದು, ಬದುಕಿನ ಕೆಲಸ ಇನ್ನೊಂದು ಆಗಬಹುದು. ಒಂದರಲ್ಲಿ ಕಲಿತ ವಿಧಾನ ಇನ್ನೊಂದಕ್ಕೆ ಬರುತ್ತದೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕಡ್ಡಿಯಿಂದ ಕುರ್ಚಿ, ಮೇಜು ಮಾಡುವ ಕೆಲಸ ಕೆಲವರ ಜೀವನೋಪಾಯವಾಯಿತು. ಸಂಶೋಧನೆಯಲ್ಲಿ ಕಂಡ ಸಮಸ್ಯೆಯಿಂದ ಹುಟ್ಟಿದ ದಾರಿ ಅದು.

ನಿಮ್ಮ ಪದವಿ ನಿಮಗೆ ಕಲಿಸಿದ ಕೆಲಸಗಳ ಪಟ್ಟಿ ಮಾಡಿ. ಜನರನ್ನು ಮಾತನಾಡಿಸುವುದು, ದತ್ತಾಂಶ ಶುದ್ಧ ಮಾಡುವುದು, ನಕ್ಷೆ ಬರೆಯುವುದು, ಯೋಜನೆಗೆ ಹಣ ಕೇಳಿ ಬರೆಯುವುದು, ಎರಡು ಭಾಷೆಗಳಲ್ಲಿ ವರದಿ ಮಾಡುವುದು. ಅರಣ್ಯ, ಆರೋಗ್ಯ, ಗ್ರಾಮೀಣಾಭಿವೃದ್ಧಿ ಇಲಾಖೆಗಳ ಯೋಜನೆಗಳಿಗೆ, ಸ್ವಯಂಸೇವಾ ಸಂಸ್ಥೆಗಳಿಗೆ, ಪತ್ರಿಕೆಗಳಿಗೆ, ವಸ್ತು ಸಂಗ್ರಹಾಲಯಗಳಿಗೆ ಈ ಕೌಶಲಗಳು ಬೇಕು. ವರ್ಷಕ್ಕೆ ಒಂದಾದರೂ ಇಂಥ ಜಾಗಕ್ಕೆ ಹೋಗಿ, ಅಲ್ಲಿ ಕೆಲಸ ಮಾಡುತ್ತಿರುವ ಪಿಎಚ್‌.ಡಿ. ಪದವೀಧರರನ್ನು ಭೇಟಿ ಮಾಡಿ. ಥೀಸಿಸ್ ಮುಗಿಯುವ ಹೊತ್ತಿಗೆ ನಿಮ್ಮನ್ನು ಹೆಸರು ಹಿಡಿದು ಬಲ್ಲ ನಾಲ್ಕಾರು ಜನ ಅಲ್ಲಿರುತ್ತಾರೆ.

ಮನಸ್ಸು ಕುಸಿದಾಗ

ಅಂಕಿ ಬರದ ದಿನ, ಗೈಡ್ ಉತ್ತರಿಸದ ತಿಂಗಳು, ಓರಗೆಯವರು ಕೆಲಸ ಹಿಡಿದು ಮನೆ ಕಟ್ಟಿಸುತ್ತಿರುವಾಗ 'ಇನ್ನೂ ಓದ್ತಾನೇ ಇದೀಯಾ?' ಎಂಬ ನೆಂಟರ ಮಾತು ಎಂಥವರನ್ನೂ ಕುಗ್ಗಿಸುತ್ತವೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಲ್ಯಾಪ್‌ಟಾಪ್ ತೆರೆಯಲೂ ಕೈ ಬಾರದಿದ್ದರೆ, ಬದುಕು ಬೇಡ ಎನ್ನಿಸಿದರೆ ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ. 14416 ಸಂಖ್ಯೆಗೆ ಕರೆ ಮಾಡಿದರೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. 2022ರಲ್ಲಿ ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಪಿಎಚ್‌.ಡಿ. ಬಿಡುವುದೇ ಸರಿ ಎಂಬ ತೀರ್ಮಾನಕ್ಕೂ ಕೆಲವರು ಬರುತ್ತಾರೆ. ಚೆನ್ನಾಗಿ ಯೋಚಿಸಿ, ನಂಬಿಕೆಯವರ ಜೊತೆ ಮಾತನಾಡಿ ತೆಗೆದುಕೊಂಡರೆ ಅದೂ ಗೌರವದ ನಿರ್ಧಾರವೇ. ಮನೆಯವರು ಅದನ್ನು ಅವಮಾನ ಎಂದು ಎಣಿಸಬಾರದು.

ಸಂಸ್ಥೆಗಳ ಹೊಣೆ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹುಪಾಲು ವಿದ್ಯಾರ್ಥಿ ಮಾಡಬೇಕಾದದ್ದು. ಆದರೆ ಆಸರೆಯನ್ನು ಹುಡುಕಿಕೊಳ್ಳುವ ಹೊಣೆಯನ್ನೆಲ್ಲ ವಿದ್ಯಾರ್ಥಿಯ ತಲೆಗೆ ಕಟ್ಟುವುದು ಅನ್ಯಾಯ. ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳಿಂದ, ಪೋಡುಗಳಿಂದ ಬಂದ ಹುಡುಗಿಗೆ ಫೆಲೋಶಿಪ್ಪಿನ ಅರ್ಜಿಯ ಕೊನೆಯ ದಿನಾಂಕ ಯಾರು ಹೇಳುತ್ತಾರೆ? ಇಂಗ್ಲಿಷಿನಲ್ಲಿ ಸಾರಲೇಖ ಬರೆಯಲು ಯಾರು ಜೊತೆ ಕೂರುತ್ತಾರೆ? ಗೈಡಿನಿಂದ ಕಿರುಕುಳವಾದರೆ ಯಾರ ಬಾಗಿಲು ತಟ್ಟಬೇಕು?

ಚಾಮರಾಜನಗರ ಮತ್ತು ಮೈಸೂರಿನ ವಿಶ್ವವಿದ್ಯಾಲಯಗಳು ಮಾಡಬಹುದಾದ ಕೆಲಸಗಳು ದುಬಾರಿಯವಲ್ಲ. ನಿಯಮ, ಫೆಲೋಶಿಪ್, ದೂರು ಇವುಗಳ ವಿವರ ಕನ್ನಡದಲ್ಲಿ ಹೇಳುವ ಒಂದು ಮೇಜು ಪ್ರತಿ ವಿಶ್ವವಿದ್ಯಾಲಯದಲ್ಲೂ ಇರಲಿ. ಹೊಸಬರಿಗೆ ಹಿರಿಯ ಸಂಶೋಧನಾರ್ಥಿಯೊಬ್ಬರನ್ನು ಮೊದಲ ದಿನವೇ ಜೋಡಿಸಲಿ. ಬೆಟ್ಟದಲ್ಲಿರುವ ಸಂಶೋಧನಾ ಸಂಸ್ಥೆಗಳು ಮತ್ತು ವಿಶ್ವವಿದ್ಯಾಲಯಗಳು ಸೇರಿ ವರ್ಷಕ್ಕೊಮ್ಮೆ ಬಿಳಿಗಿರಿಯಲ್ಲೇ ಕಮ್ಮಟ ನಡೆಸಲಿ. ಸೋಲಿಗ ಹಿರಿಯರು ಅಲ್ಲಿ ಪಾಠ ಹೇಳುವವರಾಗಿ, ಗೌರವಧನ ಪಡೆಯುವವರಾಗಿ ಇರಲಿ. ಬುಡಕಟ್ಟು ವಿದ್ಯಾರ್ಥಿಗಳಿಗೆ ಅಲ್ಲಿ ಮೊದಲ ಆದ್ಯತೆ ಸಿಗಲಿ. ಈ ನೆಲದಿಂದ ಇಷ್ಟೊಂದು ಡಾಕ್ಟರೇಟುಗಳು ಹೋಗಿವೆ. ಇನ್ನು ಮುಂದೆ ಈ ನೆಲದ ಮಕ್ಕಳೇ ಹೆಚ್ಚು ಹೆಚ್ಚಾಗಿ ಅವುಗಳನ್ನು ಪಡೆಯಬೇಕು. ಅದಕ್ಕೆ ಬೇಕಾದ ಜ್ಞಾನ ಅವರ ಮನೆಯಲ್ಲೇ ಇದೆ. ಅರ್ಜಿ, ಹಣ, ಭಾಷೆ, ಧೈರ್ಯ ಇವುಗಳಲ್ಲಿ ಜೊತೆ ನಿಲ್ಲುವ ಕೆಲಸವನ್ನು ಈ ಶೈಕ್ಷಣಿಕ ವರ್ಷದಲ್ಲೇ ಶುರುಮಾಡಬಹುದು, ಶುರುಮಾಡಬೇಕು.